ತಮ್ಮ ಹಾಕಿದ ಡಕ್ಟು

ಅಫಜಲಪುರದಲ್ಲಿ ಮಾರ್ಚ್ ಮುಗಿಯುವ ಹೊತ್ತಿಗೆ ಬಿಸಿಲು ಗೋಡೆಯೊಳಗೆ ಇಳಿದುಬಿಡುತ್ತದೆ. ಹೊತ್ತು ಮುಳುಗಿದ ಮೇಲೂ ಅಲ್ಲಿಂದ ಏಳುವುದಿಲ್ಲ. ನಮ್ಮ ಮನೆಯ ಪಶ್ಚಿಮದ ಕೋಣೆಯ ಗೋಡೆಗೆ ಸಂಜೆ ಅಂಗೈ ಇಟ್ಟರೆ, ರೊಟ್ಟಿ ಬೇಯಿಸಿ ಆಗಷ್ಟೇ ಇಳಿಸಿದ ಹಂಚಿನ ಕಾವು ತಾಗುತ್ತಿತ್ತು. ಆ ವರ್ಷ ನಮ್ಮ ಮನೆಯವರು, ಅಂದರೆ ನನ್ನ ಗಂಡ, ಇಡೀ ದಿನ ಕಳೆಯಬೇಕಾಗಿದ್ದದ್ದು ಅದೇ ಕೋಣೆಯಲ್ಲಿ.

ಅವರಿಗೆ ಚಳಿಗಾಲದಲ್ಲಿ ಸೊಲ್ಲಾಪುರದಲ್ಲಿ ಎದೆಯ ಆಪರೇಶನ್ ಆಗಿತ್ತು. ಮೆಟ್ಟಿಲು ಹತ್ತಬಾರದು, ಭಾರ ಎತ್ತಬಾರದು, ಸೆಕೆಯಲ್ಲಿ ಇರಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮೊದಲಿನ ಎರಡನ್ನು ಪಾಲಿಸಬಹುದಿತ್ತು. ಬಚ್ಚಲು ಕೂಡಿಕೊಂಡಿದ್ದ ಕೋಣೆ ಅದೊಂದೇ ಆದ್ದರಿಂದ ಅವರ ಮಂಚ ಅಲ್ಲಿಗೇ ಹೋಯಿತು. ಹಾಲ್‌ನಲ್ಲಿ ಮಲಗಿರಿ, ಸ್ವಲ್ಪ ತಂಪಾದರೂ ಇರುತ್ತದೆ ಎಂದರೆ ಒಪ್ಪುತ್ತಿರಲಿಲ್ಲ. ಬಂದವರೆಲ್ಲ ಎದೆಯ ಹೊಲಿಗೆ ನೋಡುತ್ತಾರೆ ಎಂಬ ನಾಚಿಕೆ. ಬಸ್ಸಿನಲ್ಲಿ ಕಂಡಕ್ಟರಾಗಿ ಬದುಕೆಲ್ಲ ಗದ್ದಲದ ಮೇಲೆ ದನಿ ಎತ್ತಿ ಮಾತಾಡಿದ ಮನುಷ್ಯ ಅವರು. ಆಪರೇಶನ್ ಆದ ಮೇಲೆ ಆ ದನಿ ಎಲ್ಲೋ ಹೋಗಿತ್ತು. ನೀರು ಬೇಕೆಂದರೂ ಬಾಗಿಲ ಕಡೆ ನೋಡುತ್ತ ಕೂಡುತ್ತಿದ್ದರೇ ಹೊರತು ಕರೆಯುತ್ತಿರಲಿಲ್ಲ.

ಏಸಿ ಹಾಕಿಸೋಣವೆಂದರೆ ನಮ್ಮ ಓಣಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕರೆಂಟಿನ ಜೀವ ಅರ್ಧಕ್ಕಿಳಿಯುತ್ತದೆ. ಎದುರು ಮನೆಯವರ ಏಸಿ ಗುರ್ ಎಂದು ಶುರುವಾಗಿ ಮತ್ತೆ ಸುಮ್ಮನಾಗುವುದನ್ನು ದಿನಾ ಕೇಳುತ್ತಿದ್ದೆವು. ಹಾಗಾಗಿ ಡಕ್ಟ್ ಕೂಲರ್ ಹಾಕಿಸುವುದೆಂದು ಮಾಡಿದೆವು. ಈ ಕಡೆ ಈಗ ಬಹಳ ಮನೆಗಳಲ್ಲಿ ಅದನ್ನು ಹಾಕಿಸುತ್ತಾರೆ. ಹಿತ್ತಲಲ್ಲಿ ಆಳೆತ್ತರದ ಕೂಲರ್ ನಿಲ್ಲಿಸಿ, ಅದರ ತಂಪು ಗಾಳಿಯನ್ನು ತಗಡಿನ ಚೌಕ ಕೊಳವೆಯಲ್ಲಿ ಒಳಗೆ ತಂದು, ಒಂದೊಂದು ಕೋಣೆಗೆ ಒಂದೊಂದು ಜಾಲರಿಯಿಂದ ಬಿಡುವುದು. ಆ ಕೊಳವೆಗೇ ಡಕ್ಟು ಅನ್ನುತ್ತಾರೆ.

ಕೆಲಸ ಯಾರಿಗೆ ಕೊಡಬೇಕೆಂಬ ವಿಚಾರವೇ ಬರಲಿಲ್ಲ. ಆಳಂದದಲ್ಲಿರುವ ನನ್ನ ತಮ್ಮ ಮಾಡುವುದೇ ಆ ಕೆಲಸ. ನಮ್ಮ ಅಪ್ಪನದು ಅಲ್ಲಿ ತಗಡಿನ ಅಂಗಡಿ ಇತ್ತು. ಟ್ರಂಕು, ಬಕೆಟ್ಟು, ಜೋಳ ತುಂಬಿಡುವ ದೊಡ್ಡ ಡಬ್ಬಿ ಮಾಡುತ್ತಿದ್ದ. ಆಳಂದದ ಹುಡುಗಿಯರು ಗಂಡನ ಮನೆಗೆ ಹೋಗುವಾಗ ಅಪ್ಪನ ಟ್ರಂಕು ಒಯ್ಯುತ್ತಿದ್ದ ಕಾಲ ಒಂದಿತ್ತು. ಪ್ಲಾಸ್ಟಿಕ್ ಡ್ರಮ್ಮು, ಉಕ್ಕಿನ ಕಪಾಟು ಬಂದ ಮೇಲೆ ಅದು ನಿಂತುಹೋಯಿತು. ತಮ್ಮ ಅದೇ ಕತ್ತರಿ, ಅದೇ ಸುತ್ತಿಗೆ ಹಿಡಿದು ಕೂಲರ್ ಮಾಡಲು ಕಲಿತ. ಆಮೇಲೆ ಡಕ್ಟು. ಜೇವರ್ಗಿಯ ಫಂಕ್ಷನ್ ಹಾಲ್, ಆಳಂದದ ದವಾಖಾನೆ, ಊರೂರಿನ ಮನೆಗಳು, ಎಲ್ಲ ಕಡೆ ಅವನನ್ನು ಕರೆಯುತ್ತಿದ್ದರು. ನಮ್ಮ ಬೀಗರಲ್ಲಿ ಯಾರಾದರೂ ಮನೆ ಕಟ್ಟಿಸಿದರೆ ನಾನೇ ಮುಂದಾಗಿ ಅವನ ನಂಬರು ಕೊಡುತ್ತಿದ್ದೆ.

ಅವನು ಒಂದು ಟೆಂಪೋದಲ್ಲಿ ಸಾಮಾನು ಹೇರಿಕೊಂಡು, ಜೊತೆಗೆ ಒಬ್ಬ ಕೂಲಿಯವನನ್ನು ಕರೆದುಕೊಂಡು ಬಂದ. ಹಿತ್ತಲಿನಿಂದ ಹಾಲ್‌ಗೆ ಬರುವ ನಡುದಾರಿಯ ಮೇಲೆ ನಮ್ಮಲ್ಲಿ ಒಂದು ತಗ್ಗಾದ ಅಟ್ಟವಿದೆ. ಹಳೇ ಹಂಡೆ, ಕೌದಿ, ಹಬ್ಬಕ್ಕೆ ಇಳಿಸುವ ಪಾತ್ರೆಗಳು ಅಲ್ಲಿರುತ್ತವೆ. ಮೇಲೆ ಹೋದರೆ ಹೊಟ್ಟೆಯ ಮೇಲೆ ತೆವಳಬೇಕು, ಕೂಡಲೂ ಬರುವುದಿಲ್ಲ. ಡಕ್ಟನ್ನು ಆ ಅಟ್ಟದ ಮೇಲೆ ಮಲಗಿಸಿ, ಅಲ್ಲಿಂದ ಒಂದು ಕವಲು ಹಾಲ್‌ಗೆ, ಇನ್ನೊಂದು ಕವಲು ಪಶ್ಚಿಮದ ಕೋಣೆಗೆ ಎಂದು ಲೆಕ್ಕ ಹಾಕಿದರು. ಕೂಲಿಯವನು ಮೇಲೇರಿ ತುಂಡುಗಳನ್ನು ಸಾಲಾಗಿ ಮಲಗಿಸಿ, ಊಟ ಮಾಡಿ, ಇನ್ನೊಂದು ಕೆಲಸವಿದೆಯೆಂದು ಜೇವರ್ಗಿಯ ಬಸ್ಸಿಗೆ ಹೋದ. ಉಳಿದ ಬೆಸುಗೆ, ಟೇಪು, ಸಂದು ಮುಚ್ಚುವುದು ತಾನೇ ಮಾಡುತ್ತೇನೆಂದು ತಮ್ಮ ಹೇಳಿದ. ಏಣಿಯ ಮೇಲೆ ಸ್ವಲ್ಪ ಹೊತ್ತು ನಿಂತು ಏನೋ ಮಾಡಿದ, ಇಳಿದ, ಬೆವರು ಒರೆಸಿಕೊಂಡ. ಆ ದಿನ ಅಷ್ಟು ಸೆಕೆ ಇರಲಿಲ್ಲ. ಆದರೂ ಅವನ ಅಂಗಿ ಬೆನ್ನಿಗಂಟಿತ್ತು. ನಾನು ಅದನ್ನು ನೋಡಿದೆ, ಆದರೆ ಏನೂ ಕೇಳಲಿಲ್ಲ.

ಕಾಯಿ ಒಡೆದು ಸ್ವಿಚ್ ಹಾಕಿದೆವು. ಹಾಲ್‌ನ ಜಾಲರಿಯಿಂದ ಗಾಳಿ ಭರ್ ಎಂದು ಬಂದು ಗೋಡೆಯ ಕ್ಯಾಲೆಂಡರ್ ಪಟಪಟ ಬಡಿಯಿತು. ನಮಗೆಲ್ಲ ಖುಷಿ. ಕೋಣೆಯ ಒಳಗೆ ಹೋಗಿ ನೋಡಿದರೆ ಅಲ್ಲಿನ ಜಾಲರಿ ಸುಮ್ಮನಿತ್ತು. ಮುಖ ಹತ್ತಿರ ಒಯ್ದರೆ ಯಾರೋ ದೂರದಿಂದ ಊದಿದಂತೆ ಒಂಚೂರು ತಂಪು.

"ಇಲ್ಲಿ ಬರಾಕತ್ತಿಲ್ಲಲ್ಲೋ" ಎಂದೆ.

"ಹೊಸಾದು ಅದ ಅಕ್ಕಾ. ಎರಡು ದಿನ ಓಡ್ಲಿ, ಹಿಡಿತದ" ಎಂದ. ನನ್ನ ಮುಖ ನೋಡದೆ ಸಾಮಾನು ಚೀಲಕ್ಕೆ ತುಂಬುತ್ತಿದ್ದ. ಚಹಾ ಕುಡಿದು ಟೆಂಪೋದಲ್ಲೇ ಹೊರಟುಬಿಟ್ಟ.

ಅದು ಹಿಡಿಯಲಿಲ್ಲ. ಬೇಸಿಗೆ ನೆತ್ತಿಗೇರುತ್ತ ಹೋಯಿತು. ನನ್ನ ದಿನ ಹೇಗೆ ನಡೆಯುತ್ತಿತ್ತೆಂದರೆ, ನಸುಕಿಗೆ ಎದ್ದು ನಳ ಬಂದ ದಿನವಾದರೆ ಮೊದಲು ಕೂಲರಿನ ಟಾಕಿ ತುಂಬಿಸುವುದು, ಬಾರದ ದಿನವಾದರೆ ಕೊಡದಿಂದ ಸುರಿಯುವುದು. ಆಮೇಲೆ ರೊಟ್ಟಿ, ಉಪ್ಪಿಲ್ಲದ ಪಲ್ಯ, ಅವರ ಗುಳಿಗೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಪರೀಕ್ಷೆಯ ಕಾಲ, ರಜೆ ಸಿಗುತ್ತಿರಲಿಲ್ಲ. ಶಾಲೆಯಿಂದ ಬಂದೊಡನೆ ಚಪ್ಪಲಿ ಬಿಡುವ ಮೊದಲೇ ಆ ಕೋಣೆಗೆ ಹೋಗಿ ಜಾಲರಿಗೆ ಕೈ ಹಿಡಿಯುತ್ತಿದ್ದೆ. ಅವರು ಮಂಚದ ಮೇಲೆ ಗೋಡೆಯಿಂದ ದೂರ ಸರಿದು ಅಂಚಿನಲ್ಲಿ ಕೂತಿರುತ್ತಿದ್ದರು. ನಾನು ಏನು ಮಾಡುತ್ತಿದ್ದೇನೆಂದು ಅವರಿಗೆ ಗೊತ್ತಿತ್ತು, ನಾನು ಕೈ ಇಳಿಸುವುದನ್ನೂ ನೋಡುತ್ತಿದ್ದರು. ಒದ್ದೆ ಮಾಡಿದ ಸೀರೆಯೊಂದನ್ನು ಕಿಟಕಿಗೆ ಕಟ್ಟಿ, ಟೇಬಲ್ ಫ್ಯಾನು ಅದರ ಕಡೆ ತಿರುಗಿಸಿ, ನಾನು ಅಡುಗೆಮನೆಗೆ ಹೋಗುತ್ತಿದ್ದೆ.

ತಮ್ಮನಿಗೆ ಫೋನ್ ಮಾಡಿದರೆ ಒಂದೇ ಉತ್ತರ. "ನಾಳಿ ಬರ್ತೇನಿ ಅಕ್ಕಾ. ಮದ್ವಿ ಸೀಜನ್ ಅದ, ಜರಾ ತಡೀ." ಮರುದಿನ ಫೋನ್ ಎತ್ತುತ್ತಿರಲಿಲ್ಲ. ಅವನ ಹೆಂಡತಿ ಎತ್ತಿದರೆ "ಹೊರಗ ಹೋಗ್ಯಾರ್ರಿ ಅಕ್ಕಾರ" ಎನ್ನುತ್ತಿದ್ದಳು, ದನಿ ಸಣ್ಣದು ಮಾಡಿ. ಹೊರಗಿನವರಾಗಿದ್ದರೆ ನಾಲ್ಕು ಮಾತು ಅಂದು ಬೇರೆಯವರನ್ನು ಕರೆಸಬಹುದಿತ್ತು. ತಮ್ಮನೆಂದ ಮೇಲೆ ಏನು ಮಾಡುವುದು? ಅವನ ಕೆಲಸವನ್ನು ಬೇರೆಯವನ ಕೈಯಿಂದ ಬಿಚ್ಚಿಸಿದರೆ ಆ ಮಾತು ಆಳಂದ ಮುಟ್ಟಲು ಎಷ್ಟು ಹೊತ್ತು? ಅಂಗಡಿಯಲ್ಲಿ ಸಿಕ್ಕ ಅಂಟುಪಟ್ಟಿ ತಂದು, ಏಣಿ ಹಾಕಿ, ಕೈಗೆ ನಿಲುಕಿದ ಕಡೆಯೆಲ್ಲ ಸುತ್ತಿದೆ. ಏನೂ ವ್ಯತ್ಯಾಸವಾಗಲಿಲ್ಲ.

ಒಂದು ಭಾನುವಾರ ಅಟ್ಟದ ಅಂಚಿನಲ್ಲಿದ್ದ ಕೌದಿಯೊಂದನ್ನು ಎಳೆದೆ. ಅದು ಒದ್ದೆಯಾಗಿ, ಬೂಸ್ಟು ಹಿಡಿದು ನಾರುತ್ತಿತ್ತು. ಅದು ನನ್ನ ಅತ್ತೆ ಹೊಲಿದ ಕೌದಿ. ಮಳೆಗಾಲದಲ್ಲೂ ಒಣಗಿರುತ್ತಿದ್ದ ಅಟ್ಟ ಇಂಥ ಉರಿಬಿಸಿಲಿನಲ್ಲಿ ಹೇಗೆ ತೊಯ್ದಿತೆಂದು ನನಗೆ ತಿಳಿಯಲಿಲ್ಲ. ಅದೇ ವಾರ ಕೂಲರಿನ ನೀರಿನ ಪಂಪು ಕೆಟ್ಟು, ಅದನ್ನು ಬದಲಿಸಲು ಊರೊಳಗಿನ ಅಂಗಡಿಯಿಂದ ಒಬ್ಬ ಬಂದ. ಕೆಲಸ ಮುಗಿಸಿ ಹೊರಟವನಿಗೆ ಸುಮ್ಮನೆ ಒಮ್ಮೆ ಅಟ್ಟ ನೋಡಲು ಹೇಳಿದೆ. ಅವನು ಏಣಿ ಏರಿ ಮೊಬೈಲಿನ ಬೆಳಕು ಬಿಟ್ಟ.

"ಯಾರ್ ಹಾಕ್ಯಾರ್ರಿ ಮೇಡಂ ಇದು? ಮುಂದಿನ ಮಗ್ಗಲಿಗಿ ಅಷ್ಟೇ ಟೇಪ್ ಹಚ್ಯಾರ. ಹಿಂದ, ಮ್ಯಾಲ ಸಾಫ್ ಖಾಲಿ ಬಿಟ್ಟಾರ. ಗಾಳಿ ಎಲ್ಲಾ ಅಟ್ಟದಾಗ ಹೊಂಟದ. ಹಸಿ ಗಾಳಿ ಅಲ್ರೀ, ಅದಕ್ಕ ನಿಮ್ಮ ಸಾಮಾನು ಬೂಸ್ಟು ಹಿಡದದ. ಬಿಚ್ಚಿ ಹೊಸದಾಗಿ ಕೂಡಿಸ್ಲೇನ್ರಿ?"

ನಾನು ಬಾಯಿ ತೆರೆಯುವ ಮೊದಲು ಕೋಣೆಯಿಂದ ನಮ್ಮ ಮನೆಯವರ ದನಿ ಬಂತು. ಬಹಳ ದಿನದ ಮೇಲೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದರು. "ಬ್ಯಾಡ್ರಿ. ನಮ್ಮೋರೇ ಹಾಕ್ಯಾರ. ಅವರೇ ಬಂದು ಮಾಡ್ತಾರ."

ಅವನು ಹೋದ ಮೇಲೆ ನಾನು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೆ. ನನ್ನ ತವರಿನ ಮಾನವನ್ನು ಅವರು ಆ ಕಾದ ಕೋಣೆಯಲ್ಲಿ ಕೂತು ಕಾಯುತ್ತಿದ್ದರು. ಅದಕ್ಕಿಂತ ಒಮ್ಮೆ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅಳು ಬರಬೇಕಿತ್ತು, ಅದಕ್ಕೂ ಶಕ್ತಿ ಇರಲಿಲ್ಲ. ಸುಮ್ಮನೆ ಜೋಳದ ಹಿಟ್ಟು ನಾದಿದೆ.

ಆಮೇಲೊಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಮಂಚ ಖಾಲಿ ಇತ್ತು. ಕರೆದರೆ ಓಗೊಡಲಿಲ್ಲ. ಬಚ್ಚಲ ಬಾಗಿಲು ತೆರೆದಿತ್ತು. ಅವರು ನೆಲಕ್ಕೆ ನೀರು ಸುರಿದುಕೊಂಡು, ಒದ್ದೆ ನೆಲದ ಮೇಲೆ ಕಾಲು ಚಾಚಿ, ಬೆನ್ನನ್ನು ಗೋಡೆಯ ಟೈಲ್ಸಿಗೆ ಕೊಟ್ಟು ಕಣ್ಣು ಮುಚ್ಚಿ ಕೂತಿದ್ದರು. ಒದ್ದೆ ಬನಿಯನ್ನಿನೊಳಗಿಂದ ಹೊಲಿಗೆಯ ಗುರುತು ಎದ್ದು ಕಾಣುತ್ತಿತ್ತು. ಹೆಗಲು ಮುಟ್ಟಿದೆ. ಕಣ್ಣು ತೆರೆದರು.

"ಇಲ್ಲಿ ತಂಪು ಅದ" ಎಂದರು, ಏನೋ ತಪ್ಪು ಮಾಡಿ ಸಿಕ್ಕವರಂತೆ.

ಮರುದಿನ ಶಾಲೆಗೆ ಹೇಳಿಕಳಿಸಿ, ಅವರ ಹತ್ತಿರ ಪಕ್ಕದ ಮನೆಯಾಕೆಯನ್ನು ಕೂಡಿಸಿ, ಆಳಂದಕ್ಕೆ ಹೊರಟೆ. ನಿಂಬರ್ಗಾ ಮೇಲೆ ಹೋಗುವ ಬಸ್ಸು. ಕಿಟಕಿಯ ಕಬ್ಬಿಣ ಮುಟ್ಟಲು ಆಗುತ್ತಿರಲಿಲ್ಲ. ತೊಗರಿ ಕೊಯ್ದ ಹೊಲಗಳು ಕರ್ರಗೆ ಸೀಳು ಬಿಟ್ಟುಕೊಂಡು ಬಿದ್ದಿದ್ದವು. ದಾರಿಯುದ್ದಕ್ಕೂ ಅವನಿಗೆ ಅನ್ನಬೇಕಾದ ಮಾತುಗಳನ್ನು ಜೋಡಿಸುತ್ತ ಕೂತೆ. ಚಿಕ್ಕಂದಿನಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು, ಹೀಗೆ ಮಾಡಿದೆಯಲ್ಲ ಎನ್ನಬೇಕು. ನಿನ್ನ ಮಾಮಾ ನಿನ್ನ ಹೆಸರು ಕೆಡದಂತೆ ನೋಡಿಕೊಂಡರು, ನೀನು ಅವರ ಜೀವ ನೋಡಲಿಲ್ಲ ಎನ್ನಬೇಕು.

ಅವನು ಅಂಗಡಿಯ ಮುಂದೆ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಕೂತು ತಗಡು ಬಡಿಯುತ್ತಿದ್ದ. ನನ್ನನ್ನು ನೋಡಿ ಸುತ್ತಿಗೆ ಕೆಳಗಿಟ್ಟ. ಏಳಲಿಲ್ಲ. ನಾನು ಜೋಡಿಸಿಕೊಂಡು ಬಂದ ಮಾತುಗಳನ್ನೆಲ್ಲ ನಿಂತಲ್ಲೇ ಅಂದೆ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಜೋರಾಗಿ ಅಂದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

ಒಳಗಿನಿಂದ ಅವನ ಹೆಂಡತಿ ನೀರಿನ ತಂಬಿಗೆ ಹಿಡಿದು ಬಂದಳು. ಅದನ್ನು ನನ್ನ ಕೈಗೆ ಕೊಟ್ಟು, ಅವನ ಕಡೆ ತಿರುಗಿ, "ಇನ್ನಾದ್ರೂ ಹೇಳ್ರಿ. ಇಲ್ಲಂದ್ರ ನಾನೇ ಹೇಳ್ತೇನಿ" ಎಂದಳು.

"ಸುಮ್ಮನಿರು" ಎಂದ ಅವನು.

"ಎಷ್ಟ್ ದಿನಾ ಸುಮ್ಮನಿರ್ಲಿ? ಅಕ್ಕಾರ, ಇವ್ರು ಜೇವರ್ಗ್ಯಾಗ ಬಿದ್ದಾರ್ರಿ. ದೀಪಾವಳಿ ಮುಂದ. ಫಂಕ್ಷನ್ ಹಾಲಿನ ಕೆಲಸದಾಗ, ಏರಿ ನಿಂದ್ರಾಕ ಕಟ್ಟಿಗಿ ಮಾಳಿಗಿ ಕಟ್ಟಿದ್ರು, ಅದರ ಮ್ಯಾಲಿಂದ. ಯಾರಿಗೂ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಹಾಕಿಸ್ಕೊಂಡಾರ."

ನಾನು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಅವನು ಮೆಲ್ಲಗೆ ಬಲಗೈ ಎತ್ತಿ ತೋರಿಸಿದ. ಹೆಗಲಿನ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು.

"ಇದಕ್ಕಿಂತ ಮ್ಯಾಲ ಹೋಗಲ್ದು" ಎಂದ. "ಕೈ ಸಂಗತಿ ಇರ್ಲಿ ಅಕ್ಕಾ, ಅದಕ್ಕಿಂತ ದೊಡ್ಡದು ಬ್ಯಾರೆ ಅದ. ಏಣಿ ಮ್ಯಾಲ ನಾಕು ಮೆಟ್ಟಲ ಏರಿದ್ರ ಸಾಕು, ಕಣ್ಣಿಗಿ ಕತ್ತಲಿ ಬರ್ತದ. ಕೈಕಾಲು ನಡಗ್ತಾವ. ಬೀಳ್ತೇನಿ ಅನಸ್ತದ. ನಿಮ್ಮ ಮನ್ಯಾಗ ಅಟ್ಟಕ್ಕ ಏರ್ಲಿಕ್ಕಿ ನನ್ನ ಕಡಿಂದ ಆಗಲಿಲ್ಲ. ಏಣಿ ಮ್ಯಾಲ ನಿಂತು ಕೈ ಹತ್ತಿದ ಕಡಿ ಅಷ್ಟೇ ಟೇಪ್ ಹಚ್ಚಿ ಇಳದೆ."

"ಆ ಆಳಿನ ಕಡಿಂದ ಮಾಡಿಸಬೇಕಿತ್ತಲ್ಲೋ, ಮ್ಯಾಲೇ ಇದ್ದನಲ್ಲ ಅಂವ."

"ಅಂವಗ ಗೊತ್ತಾದ್ರ ಮುಗೀತು ಅಕ್ಕಾ. ಉಸ್ತಾದಗ ಏಣಿ ಏರಾಕ ಬರಲ್ದು ಅಂತ ಊರ ತುಂಬಾ ಹೇಳ್ತಾನ. ಆಮ್ಯಾಲ ಯಾರ್ ಕರೀತಾರ ನನ್ನ?"

ನಾನು ತಂದ ಸಿಟ್ಟಿಗೆ ಅಲ್ಲಿ ನಿಲ್ಲಲು ಜಾಗವಿರಲಿಲ್ಲ. ಅದು ಹೋದ ಮೇಲೆ ಉಳಿದದ್ದು ಬರೀ ದಣಿವು. ಅಕ್ಕ-ತಮ್ಮ ಎಂದು ಇರುವ ನಾವು ಒಬ್ಬರಿಗೊಬ್ಬರು ಹಬ್ಬಕ್ಕೆ ಫೋನ್ ಮಾಡಿ ಆರಾಮಾ, ಆರಾಮ ಎಂದು ಇಟ್ಟುಬಿಡುತ್ತೇವೆ. ದೀಪಾವಳಿಗೂ ನಾನು ಫೋನ್ ಮಾಡಿದ್ದೆ. ಅವನು ಹಾಸಿಗೆಯ ಮೇಲೆ ಮಲಗಿಕೊಂಡೇ ಆರಾಮ ಅಂದಿದ್ದ. ಅದೇ ದಿನಗಳಲ್ಲಿ ನಮ್ಮ ಮನೆಯವರಿಗೆ ಎದೆನೋವು ಶುರುವಾಗಿತ್ತು. ನಾನೂ ಆರಾಮ ಅಂದಿದ್ದೆ.

ಅವನ ಹೆಂಡತಿ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ, ಮೊಸರು ಬಡಿಸಿದಳು. ಉಂಡೆ. ಉಂಡು ಕೈ ತೊಳೆಯುವಾಗ "ನಡಿ, ಹೋಗೂಣು" ಎಂದೆ ಅವನಿಗೆ.

"ಎಲ್ಲಿಗಿ?"

"ಅಫಜಲಪುರಕ್ಕ. ನಾ ಮ್ಯಾಲ ಏರ್ತೇನಿ. ನೀ ಕೆಳಗ ನಿಂತು ಹೇಳು."

"ಹುಚ್ಚಿ ಏನು ನೀ? ಈ ವಯಸ್ಸಿನಾಗ?"

"ನಿನ್ನ ಕಡಿಂದ ಆಗಲ್ದು, ಅವರ ಕಡಿಂದ ಆಗಲ್ದು. ಮತ್ಯಾರ್ ಏರ್ತಾರ ಹೇಳು."

ಬೇರೆಯವರನ್ನು ಕರೆಸಬಹುದಿತ್ತು. ಈಗ ಯೋಚಿಸಿದರೆ ಅದೇ ಸರಿ ಅನ್ನಿಸುತ್ತದೆ. ಆದರೆ ಆ ದಿನ ಇನ್ನೊಬ್ಬರಿಗೆ ಇದನ್ನೆಲ್ಲ ತಿಳಿಸಿ ಹೇಳುವಷ್ಟು ತಾಳ್ಮೆ ನನ್ನಲ್ಲಿರಲಿಲ್ಲ. ಏರುವುದೇ ಸುಲಭ ಅನ್ನಿಸಿತು.

ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲು ಶುರು ಮಾಡಿದೆವು. ಸೀರೆಯಲ್ಲಿ ತೆವಳಲಾಗುವುದಿಲ್ಲ. ಟ್ರಂಕಿನಿಂದ ನಮ್ಮ ಮನೆಯವರ ಖಾಕಿ ಪ್ಯಾಂಟು ತೆಗೆದು ತೊಟ್ಟು, ಸೊಂಟಕ್ಕೆ ಹಗ್ಗ ಬಿಗಿದುಕೊಂಡೆ. ಕೋಣೆಯಿಂದ ಹೊರಬಂದಾಗ ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಬಾಯಿಯ ಒಂದು ಮೂಲೆ ಅಲುಗಿತು. "ಕಂಡಕ್ಟರಮ್ಮ, ಮುಂದ ನಡೀರಿ" ಎಂದರು. ಆಪರೇಶನ್ ಆದ ಮೇಲೆ ಅವರು ಆಡಿದ ಮೊದಲ ತಮಾಷೆ ಅದು. ನಡುದಾರಿಯಲ್ಲಿ ಒಂದು ಕುರ್ಚಿ ಹಾಕಿಸಿಕೊಂಡು ಅಲ್ಲೇ ಕೂತರು. ನನ್ನ ತಮ್ಮ ಏಣಿಯನ್ನು ಎಡಗೈಯಲ್ಲೂ ಎದೆಯಲ್ಲೂ ಒತ್ತಿ ಹಿಡಿದ. ನಾನು ಏರುವಾಗ ಅವನು ಮೇಲೆ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದ.

ಅಟ್ಟದೊಳಗೆ ಹೊಟ್ಟೆಯ ಮೇಲೆ ಮಲಗಿ ಮೊಣಕೈಯಿಂದ ಮುಂದೆ ಸರಿದೆ. ಧೂಳು, ಬೂಸ್ಟಿನ ವಾಸನೆ, ಹಂಡೆಯ ಅಂಚು ಪಕ್ಕೆಗೆ ಒತ್ತುತ್ತಿತ್ತು. "ಹಚ್ಚು" ಎಂದು ಕೂಗಿದೆ. ತಮ್ಮ ಕೂಲರಿನ ಸ್ವಿಚ್ ಹಾಕಿದ. ಒಮ್ಮೆಲೇ ಮುಖದ ಮೇಲೆ, ಕುತ್ತಿಗೆಯ ಮೇಲೆ, ಬೆನ್ನ ಮೇಲೆ ತಂಪು ಗಾಳಿ ಬಡಿಯಿತು. ಕೆಳಗೆ ಕೋಣೆಯಲ್ಲಿ ಒಬ್ಬ ಮನುಷ್ಯ ಬೇಯುತ್ತಿದ್ದಾಗ ಇಲ್ಲಿ, ಹಂಡೆಗಳಿಗೂ ಹರಿದ ಕೌದಿಗಳಿಗೂ, ಹಗಲೆಲ್ಲ ಈ ಗಾಳಿ ಬೀಸುತ್ತಿತ್ತು.

"ಊದಿನಕಡ್ಡಿ ಹಚ್ಚಿ ಸಂದಿನ ಹಂತ್ಯಾಕ ಹಿಡಿ ಅಕ್ಕಾ" ಎಂದು ಕೆಳಗಿನಿಂದ ಕೂಗಿದ. "ಹೊಗಿ ಎಲ್ಲಿ ಹಾರ್ತದ ಅಲ್ಲಿ ಗಾಳಿ ಸೋರಾಕತ್ತದ ಅಂತ ತಿಳಿ. ಕೌದಿ ಕಡಿ ಜ್ವಾಕಿ."

ಹಿಡಿದೆ. ಎರಡು ತುಂಡು ಕೂಡುವ ಕಡೆಯೆಲ್ಲ ನೆಟ್ಟಗೆ ಏಳುತ್ತಿದ್ದ ಹೊಗೆ ಪಕ್ಕಕ್ಕೆ ಹಾರಿ ಚೆದುರಿತು. ಮುಂದಿನ ಮಗ್ಗುಲಲ್ಲಿ ಬೆಳ್ಳಿ ಬಣ್ಣದ ಟೇಪು ಮಿಂಚುತ್ತಿತ್ತು. ಅದರ ಹಿಂದೆ ಬೆರಳು ಹಾಕಿದರೆ ಬರೀ ತಗಡಿನ ಅಂಚು. ಧೂಳು ಒರೆಸಿ, ಟೇಪು ಎಳೆದು, ಕೈ ಹಿಂದೆ ಹಾಕಿ ಕುರುಡರಂತೆ ತಡವುತ್ತ ಅಂಟಿಸಿದೆ. ದೊಡ್ಡ ಸಂದುಗಳಿಗೆ ಅವನು ಕೋಲಿಗೆ ಕಟ್ಟಿ ಮೇಲೆ ಕೊಟ್ಟ ಸಿಲಿಕೋನ್ ಟ್ಯೂಬಿನಿಂದ ಬಿಳಿ ಅಂಟು ಹಿಂಡಿದೆ. ತಗಡು ಒಮ್ಮೆ ಹೆಬ್ಬೆರಳನ್ನು ಸೀಳಿತು. ಇಳಿದು, ಅರಿಶಿನ ಒತ್ತಿ, ಬಟ್ಟೆ ಸುತ್ತಿ ಮತ್ತೆ ಏರಿದೆ. ಸ್ವಲ್ಪ ಹೊತ್ತಿಗೊಮ್ಮೆ ತಮ್ಮ "ಸಾಕು ಅಕ್ಕಾ, ಇಳಿ" ಅನ್ನುತ್ತಿದ್ದ. ಅವರು ಕುರ್ಚಿಯಿಂದ "ನೀರು ಕುಡಿ" ಅನ್ನುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಪಶ್ಚಿಮದ ಕೋಣೆಯ ಕಡೆ ಕವಲೊಡೆಯುವ ಜಾಗ ತಲುಪಿದೆ. ಅಲ್ಲಿ ಊದಿನಕಡ್ಡಿಯೇ ಬೇಕಾಗಲಿಲ್ಲ. ಕವಲಿನ ತುಂಡು ದೊಡ್ಡ ಡಕ್ಟಿಗೆ ಕೂಡಿಯೇ ಇರಲಿಲ್ಲ. ಎರಡರ ನಡುವೆ ನನ್ನ ಮುಷ್ಟಿ ಹೋಗುವಷ್ಟು ಬಾಯಿ ತೆರೆದಿತ್ತು.

"ಇದು ಕೂಡೇ ಇಲ್ಲಲ್ಲೋ" ಎಂದು ಕೂಗಿದೆ.

ಕೆಳಗಿನಿಂದ ಅವನ ದನಿ ಬಂತು. "ಅದನ್ನ ನಾ ಕೋಲಿಲಿಂದ ತಳ್ಳಿದ್ದೆ ಅಕ್ಕಾ. ಟಕ್ ಅಂತ ಸಪ್ಪಳಾತು. ಕೂಡ್ತು ಅಂತ ತಿಳಕೊಂಡೆ."

ಕೂಡಿಸುವುದು ನನ್ನೊಬ್ಬಳಿಂದ ಆಗಲಿಲ್ಲ. ತುಂಡು ಎಳೆದರೆ ಇನ್ನೊಂದು ಕಡೆ ಗೋಡೆಯಲ್ಲಿ ಸಿಕ್ಕಿಕೊಂಡಿತ್ತು. ತಮ್ಮನೇ ಕೋಣೆಗೆ ಹೋಗಿ, ನೆಲದ ಮೇಲೆ ನಿಂತೇ ಜಾಲರಿ ಬಿಚ್ಚಿ, ಅಲ್ಲಿಂದ ಮರದ ತುಂಡು ಇಟ್ಟು ಎಡಗೈಯಿಂದ ಬಡಿದ. ನಾನು ಮೇಲಿನಿಂದ ಎಳೆದೆ. "ಬಂತೇನು?" "ಇಲ್ಲ." "ಈಗ?" "ಇನ್ನೂ ಜರಾ." ಹೀಗೆ ಗೋಡೆಯ ಈ ಕಡೆ ಆ ಕಡೆ ಕೂಗಾಡುತ್ತ ಬಹಳ ಹೊತ್ತು ಹೋಯಿತು. ಕಡೆಗೆ ಒಂದು ಏಟಿಗೆ ತುಂಡು ಒಳಗೆ ಸರಿದು ಕೂತಿತು. ಸುತ್ತಲೂ ಅಂಟು ಹಿಂಡಿ, ಅದರ ಮೇಲೆ ಟೇಪು ಸುತ್ತಿ, ಮುಖ ಡಕ್ಟಿನ ಮೇಲಿಟ್ಟು ಹಾಗೇ ಮಲಗಿದೆ. ತಗಡು ತಣ್ಣಗಿತ್ತು. ಇಳಿಯುವ ಮನಸ್ಸೇ ಆಗಲಿಲ್ಲ.

ಕೋಣೆಯಿಂದ ನಮ್ಮ ಮನೆಯವರ ದನಿ ಕೇಳಿತು. "ಬರಾಕತ್ತದ."

ಇಳಿದು ಹೋಗಿ ನೋಡಿದೆ. ಅವರು ಜಾಲರಿಯ ಕೆಳಗೆ ಅಂಗಿಯ ಗುಂಡಿ ಬಿಚ್ಚಿ ನಿಂತಿದ್ದರು. ಗಾಳಿ ಹಾಲ್‌ನಷ್ಟು ಜೋರಿರಲಿಲ್ಲ. ಆದರೆ ಬರುತ್ತಿತ್ತು, ನಿಲ್ಲದೆ. ಕಿಟಕಿಯ ಒಂದು ಬಾಗಿಲು ತೆರೆದಿಡಲು ತಮ್ಮ ಹೇಳಿದ. ಒಳಗಿನ ಹಸಿ ಗಾಳಿ ಹೊರಗೆ ಹೋಗದಿದ್ದರೆ ಮತ್ತೆ ಸೆಕೆಯೇ ಎಂದ. ನಾನು ಇಷ್ಟು ದಿನ ತಂಪು ಹೊರಗೆ ಹೋದೀತೆಂದು ಆ ಕಿಟಕಿಯನ್ನೇ ಒದ್ದೆ ಸೀರೆಯಿಂದ ಮುಚ್ಚುತ್ತಿದ್ದೆ.

ಸಂಜೆ ನಾನು ಅಡುಗೆಮನೆಯಲ್ಲಿದ್ದೆ. ಅವರಿಬ್ಬರೂ ಆ ಕೋಣೆಯಲ್ಲಿ ಕೂತಿದ್ದರು. ನಮ್ಮ ಮನೆಯವರು ಕೇಳುವುದು ಕೇಳಿಸಿತು.

"ಬೀಳೂ ಮುಂದ ಏನನಸ್ತು?"

ಅವನ ಹೆಂಡತಿಯೂ ನಾನೂ ಅವನನ್ನು ಎಷ್ಟೋ ಕೇಳಿದ್ದೆವು. ಹೇಗೆ ಬಿದ್ದೆ, ಯಾಕೆ ಹೇಳಲಿಲ್ಲ ಎಂದೆಲ್ಲ. ಇದನ್ನು ಕೇಳಿರಲಿಲ್ಲ.

"ಏನೂ ಅನಸ್ಲಿಲ್ಲ ಮಾಮಾ" ಎಂದ ತಮ್ಮ. "ಬೀಳೂ ಮುಂದ ಏನೂ ಇಲ್ಲ. ಬಿದ್ದ ಮ್ಯಾಲ ಮ್ಯಾಲಿನ ತಗಡು ನೋಡ್ಕೋತ ಮಲಗಿದ್ದೆ. ಅಷ್ಟು ಮ್ಯಾಲ ನಾ ಇದ್ದೆನಾ ಅನಸ್ತು. ಅವತ್ತಿಲಿಂದ ಅಂಜಕಿ ಹೊಕ್ಕದ. ಮಲಗಿದ್ರೂ ಮಂಚದ ಅಂಚಿಗಿ ಹೋಗಲ್ಲ ನಾ."

"ನನಗೂ ಹಾಂಗೇ ಅದ" ಎಂದರು ಅವರು. "ಒಳಗ ಹೊಲದಾರಲ್ಲ, ಅದು ಬಿಚ್ಚಿತು ಅಂದ್ರ? ಅಂತ. ಜೋರ್ ಮಾತಾಡಿದ್ರ ಬಿಚ್ಚತದ, ಕೆಮ್ಮಿದ್ರ ಬಿಚ್ಚತದ ಅಂತ. ಇಕಿಗಿ ಹೇಳಿಲ್ಲ. ಅಂಜತಾಳ."

ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂದ ಮೇಲೆ ನಾನು ಅದನ್ನು ತಿರುವಿದೆ. ಅವರ ಸಣ್ಣ ದನಿಗೆ ಕಾರಣ ಅದೆಂದು ನನಗೆ ಗೊತ್ತಿರಲಿಲ್ಲ. ನನ್ನ ಮೇಲಿನ, ನನ್ನ ತವರಿನ ಮೇಲಿನ ಬೇಸರವೆಂದೇ ತಿಳಿದಿದ್ದೆ. ಒಳಗೆ ಹೋಗಿ ಏನಾದರೂ ಹೇಳಬೇಕೆನ್ನಿಸಿತು. ಹೋಗಲಿಲ್ಲ. ಅವರು ಇನ್ನೂ ಮಾತಾಡುತ್ತಿದ್ದರು, ತಡೆಯಬಾರದಿತ್ತು. ಮುಂದಿನ ಸಲ ಸೊಲ್ಲಾಪುರಕ್ಕೆ ತೋರಿಸಲು ಹೋದಾಗ ನಾನೇ ಡಾಕ್ಟರನ್ನು ಕೇಳಿದೆ, ಗಟ್ಟಿಯಾಗಿ ಮಾತಾಡಿದರೆ ಹೊಲಿಗೆ ಬಿಚ್ಚುತ್ತದೆಯೇ ಎಂದು. ಡಾಕ್ಟರು ನಗಲಿಲ್ಲ. ಅವರ ಕಡೆ ತಿರುಗಿ, ಎಲುಬು ಕೂಡಿ ಎಷ್ಟೋ ದಿನವಾಯಿತು, ಇನ್ನು ಹಾಡು ಬೇಕಾದರೂ ಹೇಳಿರಿ ಎಂದರು. ಬರುವಾಗ ಬಸ್ಸಿನಲ್ಲಿ, ಕಿಟಕಿ ಸರಿಸಲು ಅವರು ಮುಂದಿನ ಸೀಟಿನವನಿಗೆ ಕೂಗಿ ಹೇಳಿದರು. ಇಡೀ ಬಸ್ಸು ಹಿಂತಿರುಗಿ ನೋಡಿತು.

ಡಕ್ಟು ಕೂಡಿಸಿದ ಆ ರಾತ್ರಿ ತಮ್ಮ ನಮ್ಮಲ್ಲೇ ಇದ್ದು ಮರುದಿನ ಹೋದ. ಆ ಸೀಜನ್ ಮುಗಿಯುವವರೆಗೂ ಅವನು ಏನೂ ಬದಲಿಸಲಿಲ್ಲವೆಂದು ಅವನ ಹೆಂಡತಿ ಹೇಳುತ್ತಿದ್ದಳು. ಹೇಗೋ ತಪ್ಪಿಸಿಕೊಳ್ಳುತ್ತ, ಸುಳ್ಳು ಹೇಳುತ್ತ ನಡೆಸಿದ. ಮಳೆಗಾಲದಲ್ಲಿ ಜೇವರ್ಗಿಯ ಒಂದು ಮನೆಯವರು ಬಂದು, ತಮ್ಮ ಮನೆಯ ಡಕ್ಟಿನಲ್ಲೂ ಗಾಳಿ ಸೋರುತ್ತದೆ ಎಂದು ಅಂಗಡಿಯ ಮುಂದೆ ತಕರಾರು ತೆಗೆದರಂತೆ. ಆಗ ಎಲ್ಲರ ಮುಂದೆ ಕೈ ಎತ್ತಿ ತೋರಿಸಿದನಂತೆ, ನನಗೆ ತೋರಿಸಿದ ಹಾಗೆಯೇ. ಆ ಮನೆಯ ಕೆಲಸವನ್ನು ಇನ್ನೊಬ್ಬನಿಂದ ಸರಿ ಮಾಡಿಸಿಕೊಟ್ಟ. ಅವನು ಹೆದರಿದಂತೆ ಕೆಲವರು ಕರೆಯುವುದು ಬಿಟ್ಟದ್ದು ಖರೆ. ಈಗ ಅವನು ಅಂಗಡಿಯಲ್ಲೇ ಕೂತು ಕೂಲರಿನ ಬಾಡಿ, ಸ್ಟ್ಯಾಂಡು ಮಾಡುತ್ತಾನೆ. ಡಕ್ಟಿನ ತುಂಡು ಕತ್ತರಿಸಿ ಕೊಡುತ್ತಾನೆ. ಏರುವ ಕೆಲಸ ಬೇರೆಯವರದು. ಮೊದಲಿನಷ್ಟು ಕೆಲಸವಿಲ್ಲ, ಆದರೆ ಫೋನ್ ಎತ್ತುತ್ತಾನೆ.

ನಮ್ಮ ಡಕ್ಟು ಇನ್ನೂ ಪೂರ್ತಿ ಸರಿಯಾಗಿಲ್ಲ. ಹಿತ್ತಲ ಗೋಡೆ ತೂರಿ ಬರುವ ಕಡೆ ಎಲ್ಲೋ ಸೋರುತ್ತದೆ. ಅಲ್ಲಿ ಸುಣ್ಣ ಉಬ್ಬಿ ಉದುರುತ್ತದೆ. ಪ್ರತಿ ಬೇಸಿಗೆಗೆ ಮೊದಲು ಯಾರನ್ನಾದರೂ ಕರೆಸಬೇಕು ಅಂದುಕೊಳ್ಳುತ್ತೇವೆ, ಕರೆಸುವುದಿಲ್ಲ. ನನ್ನ ಬಲ ಮೊಣಕೈ ಆ ದಿನದಿಂದ ಚಳಿಗೆ ನೋಯುತ್ತದೆ. ಬಿಸಿಲು ವರ್ಷದಿಂದ ವರ್ಷಕ್ಕೆ ಹೆಚ್ಚೇ ಆಗುತ್ತಿದೆ. ನಳ ಬಾರದ ದಿನ ಕೊಡ ಎತ್ತುವುದು ತಪ್ಪಿಲ್ಲ.

ಅಟ್ಟಕ್ಕೆ ಏರಿದ ಆ ವಾರದ ಭಾನುವಾರ, ಊಟವಾದ ಮೇಲೆ ಅವರ ಕೋಣೆಯಲ್ಲಿ ನೆಲದ ಮೇಲೆ ಚಾಪೆ ಹಾಸಿ ಸುಮ್ಮನೆ ಒರಗಿದೆ. ಹಗಲು ಮಲಗುವ ರೂಢಿ ನನಗಿಲ್ಲ. ಕಣ್ಣು ತೆರೆದಾಗ ಕಿಟಕಿಯ ಬಿಸಿಲು ಕೆಂಪಗಾಗಿತ್ತು. ಮೈಮೇಲೆ ಯಾರೋ ತೆಳ್ಳನೆಯ ಚಾದರ ಹೊದಿಸಿದ್ದರು. ಮಂಚ ಖಾಲಿ ಇತ್ತು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು. ಏಳಬೇಕೆಂದುಕೊಂಡೆ, ಆಗಲಿಲ್ಲ. ಅವರೇ ಎರಡು ಕಪ್ ಚಹಾ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ಬಂದರು. ಸಕ್ಕರೆ ಬಹಳವಾಗಿತ್ತು, ಸೋಸಿರಲೂ ಇಲ್ಲ. ಗೋಡೆಗೆ ಒರಗಿ ಕೂತು ಪೂರ್ತಿ ಕುಡಿದೆ.